ಮಕ್ಕಳ ಕೈಗೆ ಗ್ಲಾಸ್ ಹೋಗದಂತೆ: ಮುಂಬಯಿ ಕನ್ನಡ ಸಂಘಗಳು ಕಾರ್ಯಕರ್ತರಿಗೆ ಕೆಲಸ ಹಂಚುವ ಬಗೆ

ಮುಂಬಯಿಯ ನಮ್ಮ ಸಂಘಸಂಸ್ಥೆಗಳಲ್ಲಿ ದುಶ್ಚಟ ವಿರೋಧಿ ಕಾರ್ಯಕ್ರಮ ಎಂದರೆ ಬಹುಮಟ್ಟಿಗೆ ಅಕ್ಟೋಬರ್ 2ರ ಒಂದು ಸಭೆ. ಬ್ಯಾನರ್ ಕಟ್ಟುತ್ತಾರೆ, ಡಾಕ್ಟರೊಬ್ಬರು ಮಾತಾಡುತ್ತಾರೆ, ಮಕ್ಕಳಿಂದ ಪ್ರತಿಜ್ಞೆ ಮಾಡಿಸುತ್ತಾರೆ, ಉಪ್ಪಿಟ್ಟು-ಚಹಾ ಆಗಿ ಫೋಟೊ ತೆಗೆದಲ್ಲಿಗೆ ಮುಗಿಯಿತು. ಆ ದಿನ ಸ್ವಯಂಸೇವಕರೆಂದು ಹೆಸರು ಬರೆಸಿದವರಲ್ಲಿ ದೀಪಾವಳಿ ಹೊತ್ತಿಗೆ ನಾಲ್ಕು ಜನ ಉಳಿದರೆ ಹೆಚ್ಚು. ಉತ್ಸಾಹ ಸಾಲದು ಎಂದು ಪದಾಧಿಕಾರಿಗಳು ದೂರುತ್ತಾರೆ. ಉತ್ಸಾಹ ಇತ್ತು, ಕುರ್ಚಿ ಜೋಡಿಸುವುದರ ಹೊರತು ಕೆಲಸ ಕೊಟ್ಟಿರಲಿಲ್ಲ.

ಸಂಘ, ಶಾಲೆ, ವಸತಿ ಸೊಸೈಟಿ, ಹೋಟೆಲಿನವರು, ಭಜನಾ ಮಂಡಳಿ ಎಲ್ಲ ಸೇರಿ ಒಕ್ಕೂಟ ಕಟ್ಟಿಕೊಂಡು, ಮಕ್ಕಳ ಕೈಗೆ ಮದ್ಯ ಹೋಗದಂತೆ ಕೆಲಸ ಮಾಡಬೇಕೆಂದಿರುವವರಿಗೆ ಈ ಬರಹ. ಒಬ್ಬೊಬ್ಬರಿಗೂ ಒಂದು ಚಿಕ್ಕ ಕೆಲಸ, ಅದರೊಳಗೆ ತಾನೇ ತೀರ್ಮಾನಿಸುವ ಹಕ್ಕು, ತೊಂದರೆ ಬಂದರೆ ಹಿಂದೆ ನಿಲ್ಲುವ ಸಂಘ. ಈ ಮೂರು ಇದ್ದರೆ ಜನ ಉಳಿಯುತ್ತಾರೆ.

ಮೊದಲು ಕಾನೂನು ಬಾಯಿಪಾಠವಾಗಲಿ

ಮಹಾರಾಷ್ಟ್ರದಲ್ಲಿ ವಿಸ್ಕಿ, ರಮ್ಮಿನಂಥ ಸ್ಪಿರಿಟ್‌ಗೆ 25 ವರ್ಷ, ಬಿಯರ್-ವೈನ್‌ಗೆ 21 ವರ್ಷ ಆಗಿರಬೇಕು. ಅದಕ್ಕೂ ಪರ್ಮಿಟ್ ಬೇಕು. 1949ರ ಮದ್ಯನಿಷೇಧ ಕಾಯಿದೆ ಇಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಒಂದು ದಿನದ ಪರ್ಮಿಟ್ 5 ರೂಪಾಯಿ, ವರ್ಷದ್ದು 100, ಜೀವಮಾನದ್ದು 1,000. ವೈನ್ ಶಾಪಿನ ಕೌಂಟರಿನಲ್ಲೇ ಹರಿದುಕೊಡುವ ಆ ಐದು ರೂಪಾಯಿ ಚೀಟಿ ಇದೆಯಲ್ಲ, ವಯಸ್ಸು ಕೇಳಲು ಕಾಯಿದೆಯೇ ಕೊಟ್ಟ ಜಾಗ ಅದು. ಶನಿವಾರ ಸಂಜೆ ಏಳರ ನೂಕುನುಗ್ಗಲಿನಲ್ಲಿ ಅಲ್ಲಿ ಯಾರೂ ಏನೂ ಕೇಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು.

18 ತುಂಬದವರ ವಿಷಯ ಬೇರೆ. 2015ರ ಬಾಲನ್ಯಾಯ ಕಾಯಿದೆಯ 77ನೇ ಕಲಮಿನ ಪ್ರಕಾರ, ವೈದ್ಯರ ಸೂಚನೆ ಇಲ್ಲದೆ ಮಗುವಿಗೆ ಮದ್ಯ ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. 'ಮಾರಿದವರಿಗೆ' ಎಂದಿಲ್ಲ, 'ಕೊಟ್ಟವರಿಗೆ' ಎಂದಿದೆ. ಮದರಂಗಿ ರಾತ್ರಿ “ಒಂದು ಸಿಪ್ ಹಾಕೋ ಮಾರಾಯ” ಎಂದು ಹದಿನಾರರ ಸೋದರಳಿಯನ ಕೈಗೆ ಗ್ಲಾಸ್ ಕೊಡುವ ಮಾವನೂ ಇದರೊಳಗೇ ಬರುತ್ತಾನೆ. 78ನೇ ಕಲಮು ಮದ್ಯ ಮಾರಲು, ಸಾಗಿಸಲು, ತಂದುಕೊಡಲು ಮಗುವನ್ನು ಬಳಸುವವರಿಗೆ, ಶಿಕ್ಷೆ ಅಷ್ಟೇ. ಹೋಟೆಲಿನ ಹುಡುಗನನ್ನು “ಹೋಗಿ ಒಂದು ಕ್ವಾರ್ಟರ್ ತಾ” ಎಂದು ಓಡಿಸುವ ರೂಢಿ ಎಷ್ಟು ಕಡೆ ಇದೆ ಎಂದು ನೆನೆಸಿದರೆ ಈ ಕಲಮಿನ ತೂಕ ತಿಳಿಯುತ್ತದೆ.

21-25ರದ್ದು ಮತ್ತು 18ರದ್ದು, ಈ ಎರಡು ಗೆರೆಗಳನ್ನೂ ಅರ್ಧ ಪುಟದ ಚೀಟಿಯಲ್ಲಿ ಅಚ್ಚು ಹಾಕಿ ಎಲ್ಲರಿಗೂ ಕೊಡಿ. ಇಲ್ಲವಾದರೆ ಏನಾಗುತ್ತದೆಂದರೆ, ಹತ್ತೊಂಬತ್ತರ ಹುಡುಗನಿಗೆ ಬಿಯರ್ ಕೊಟ್ಟ ಅಂಗಡಿಯವನ ಮುಂದೆ ನಮ್ಮವರು ಏಳು ವರ್ಷದ ಜೈಲಿನ ಮಾತೆತ್ತುತ್ತಾರೆ. ಅಲ್ಲಿ ಆಗಿರುವುದು ಪರ್ಮಿಟ್ ನಿಯಮದ ಉಲ್ಲಂಘನೆ, ಬಾಲನ್ಯಾಯ ಕಾಯಿದೆಗೆ ಸಂಬಂಧವಿಲ್ಲ. ಅಂಗಡಿಯವನಿಗೆ ಅದು ನಿಮಗಿಂತ ಚೆನ್ನಾಗಿ ಗೊತ್ತು. ಆಮೇಲೆ ನಿಮ್ಮ ಮಾತು ಆ ಬೀದಿಯಲ್ಲಿ ನಡೆಯುವುದಿಲ್ಲ.

ಮಕ್ಕಳ ಕೈಗೆ ಅದು ಬರುವ ದಾರಿ

ಭಾಷಣಕ್ಕೆ ಮೊದಲು ದಾರಿ ಹುಡುಕಿ. ಡೊಂಬಿವಲಿ, ಚೆಂಬೂರು, ನಾಲಾಸೋಪಾರಾ, ಎಲ್ಲಿ ನೋಡಿದರೂ ಸಾಮಾನ್ಯವಾಗಿ ಇವೇ: ವೈನ್ ಶಾಪಿನ ಮುಂದೆ ನಿಂತ ದೊಡ್ಡ ಹುಡುಗನ ಕೈಲಿ ತರಿಸಿಕೊಳ್ಳುವುದು, ಅಪ್ಪನ ಕಪಾಟಿನ ಬಾಟಲಿ, ಸಮಾರಂಭ, ಟೆರೇಸ್ ಪಾರ್ಟಿ, ಹಬ್ಬದ ಮಂಡಲದ ಹಿಂಬದಿ, ಹೋಟೆಲ್ ಕೆಲಸದ ಹುಡುಗರು ಮಲಗುವ ಕೋಣೆ. ನಿಮ್ಮ ವಠಾರದಲ್ಲಿ ಯಾವುದು ದೊಡ್ಡದು ಎಂದು ಊಹಿಸಬೇಡಿ, ನೋಡಿ ಬನ್ನಿ.

ಇಬ್ಬಿಬ್ಬರ ಜೋಡಿ, ಮೂರು ಸಂಜೆ. ಶುಕ್ರವಾರ ಮತ್ತು ಶನಿವಾರ ಆರರಿಂದ ಒಂಬತ್ತು. ಶಾಲೆ-ಕ್ಲಾಸು ಬಿಡುವ ಹೊತ್ತಿಗೆ ವಾರದ ನಡುವೆ ಒಂದು ದಿನ ನಾಲ್ಕರಿಂದ ಆರು. ಸುತ್ತಮುತ್ತ ಒಂದು ಕಿಲೋಮೀಟರ್ ಸಾಕು. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಮ್: ಜಾಗ, ಹೊತ್ತು, ಏನು ಕಂಡಿತು, ಯಾರಿಗೆ ಹೇಳಬಹುದು. 'ಕಂಡಿತು' ಎಂಬಲ್ಲಿ ಕಂಡದ್ದೇ ಇರಬೇಕು. “ಪುಂಡ ಹುಡುಗರು ಕುಡಿಯುತ್ತಿದ್ದರು” ಎಂಬುದು ಅಭಿಪ್ರಾಯ. “7.20, ನೀರಿನ ಟ್ಯಾಂಕಿನ ಹಿಂದೆ ಐವರು, ಇಬ್ಬರು ಶಾಲೆಯ ಪ್ಯಾಂಟಿನಲ್ಲಿ, ಎರಡು ಬಿಯರ್ ಬಾಟಲಿ, ದೀಪ ಇಲ್ಲ” ಎಂದು ಬರೆದರೆ ಮುಂದಿನ ಕೆಲಸ ಅದರಲ್ಲೇ ಇದೆ. ದೀಪ ಹಾಕಿಸಲು ಸೊಸೈಟಿಗೆ ಪತ್ರ ಬರೆಯಬಹುದು.

ಎರಡು ವಿಷಯದಲ್ಲಿ ಕಟ್ಟುನಿಟ್ಟು. ಮಕ್ಕಳ ಫೋಟೊ ತೆಗೆಯಕೂಡದು, ವಾಟ್ಸಾಪ್ ಗುಂಪಿಗೆ ಹೆಸರು ಹಾಕಕೂಡದು. ಪ್ರಕರಣದಲ್ಲಿ ಸಿಕ್ಕಿದ ಮಗುವಿನ ಗುರುತು ಬಯಲು ಮಾಡಿದರೆ ಬಾಲನ್ಯಾಯ ಕಾಯಿದೆಯ 74ನೇ ಕಲಮಿನಡಿ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಇನ್ನೊಂದು, ಅಂಗಡಿಯವನು ಕೊಡುತ್ತಾನೋ ಇಲ್ಲವೋ ನೋಡೋಣ ಎಂದು ಹುಡುಗನೊಬ್ಬನನ್ನು ಕಳಿಸಿ ಪರೀಕ್ಷೆ ಮಾಡುವ ಸಾಹಸ ಬೇಡ. ಅಮೆರಿಕದಲ್ಲಿ ಇಂಥ ಪರೀಕ್ಷೆಗಳು ಪೊಲೀಸರ ಮೇಲ್ವಿಚಾರಣೆಯಲ್ಲಿ ನಡೆಯುತ್ತವೆ. ಇಲ್ಲಿ ಸಂಘದವರು ತಾವಾಗಿ ಮಾಡಿದರೆ ಮದ್ಯ ತರಲು ಮಗುವನ್ನು ಬಳಸಿದ ಆರೋಪ ಅವರ ತಲೆಗೇ ಬರುತ್ತದೆ.

ಜನರನ್ನು ಸೇರಿಸುವುದು: ಒಬ್ಬೊಬ್ಬರ ಹತ್ತಿರ ಕೂತು

ಅಮೆರಿಕದ ಮಿನೆಸೋಟ, ವಿಸ್ಕಾನ್ಸಿನ್ ರಾಜ್ಯಗಳ 15 ಊರುಗಳಲ್ಲಿ ಹರೆಯದವರಿಗೆ ಮದ್ಯ ಸಿಗುವುದನ್ನು ತಡೆಯಲು ನಡೆದ ಪ್ರಸಿದ್ಧ ಪ್ರಯೋಗವೊಂದರಲ್ಲಿ ಸಂಘಟಕರು ಆರಂಭದಲ್ಲಿ ಮಾಡಿದ್ದು ಮುಖಾಮುಖಿ ಮಾತುಕತೆಗಳನ್ನು. ದೊಡ್ಡ ಸಭೆ ಆಮೇಲಿನದು. ನಮಗೂ ಇದೇ ಹೊಂದುತ್ತದೆ. ಅರ್ಧ ಗಂಟೆ ಸಾಕು, ಮುಕ್ಕಾಲು ಪಾಲು ಅವರೇ ಮಾತಾಡಲಿ. ಕೇಳಬೇಕಾದ್ದು ಮೂರೇ: ಈ ಏರಿಯಾದಲ್ಲಿ ನಿಮಗೆ ಕಾಣುವುದೇನು? ನಿಮ್ಮ ಕೈಲಿ ಬದಲಾಯಿಸಲು ಆಗುವುದು ಯಾವುದು? ನಾನು ಇನ್ನು ಯಾರನ್ನು ನೋಡಬೇಕು? ಮೂರನೆಯ ಪ್ರಶ್ನೆ ಬಿಡಬೇಡಿ, ಪಟ್ಟಿ ಬೆಳೆಯುವುದು ಅದರಿಂದಲೇ.

ಕನ್ನಡ ಶಾಲೆಯ ಮೇಷ್ಟ್ರು, ಸೊಸೈಟಿ ಸೆಕ್ರೆಟರಿ, ಫ್ಯಾಮಿಲಿ ಡಾಕ್ಟರ್, ಸಭಾಗೃಹದ ಮ್ಯಾನೇಜರ್, ಮಹಿಳಾ ವಿಭಾಗದವರು, ಕಲಬುರಗಿ-ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮುಕಾದಮ (ಮೇಸ್ತ್ರಿ), ಹದಿನೆಂಟರಿಂದ ಇಪ್ಪತ್ತೆರಡರ ಹುಡುಗ ಹುಡುಗಿಯರು. ಕೊನೆಯವರನ್ನು ಪ್ರಾರ್ಥನೆ ಹಾಡಲು ಮಾತ್ರ ಕರೆಯಬೇಡಿ. ಯಾವ ಟೆರೇಸಿನಲ್ಲಿ ಏನು ನಡೆಯುತ್ತದೆ ಎಂದು ಗೊತ್ತಿರುವುದು ಅವರಿಗೆ.

ಇನ್ನು ಹೋಟೆಲಿನವರು. ಮುಂಬಯಿಯ ತುಳು-ಕನ್ನಡಿಗ ಸಂಘಗಳಲ್ಲಿ ಈ ವಿಷಯ ಬಂದರೆ ವೇದಿಕೆಯ ಮೇಲೆ ಒಂದು ಮೌನ ಹರಡುವುದುಂಟು. ಯಾಕೆಂದರೆ ಸಭಾಗೃಹ ಕಟ್ಟಿಸಿದವರು, ವಿದ್ಯಾರ್ಥಿವೇತನ ಕೊಡುವವರು ಎಷ್ಟೋ ಮಂದಿ ಪರ್ಮಿಟ್ ರೂಮ್, ಅಂದರೆ ಬಾರ್, ನಡೆಸುವವರೇ. ಮದ್ಯವೇ ಪಾಪ ಎಂದು ಶುರುಮಾಡಿದಿರೋ, ಅವರು ದೇಣಿಗೆ ಕೊಟ್ಟು ದೂರ ಕೂರುತ್ತಾರೆ. ವಯಸ್ಸಿನ ಪ್ರಶ್ನೆ ಹಾಗಲ್ಲ. ಅದರಲ್ಲಿ ಅವರ ಲೈಸೆನ್ಸೇ ಇದೆ. 2024ರ ಮೇ 19ರಂದು ಪುಣೆಯ ಕಲ್ಯಾಣಿ ನಗರದಲ್ಲಿ ಹದಿನೇಳರ ಹುಡುಗ ಓಡಿಸುತ್ತಿದ್ದ ಕಾರು ಇಬ್ಬರು ಎಂಜಿನಿಯರುಗಳನ್ನು ಬಲಿ ತೆಗೆದುಕೊಂಡ ಮೇಲೆ, ಅವನಿಗೆ ಅದಕ್ಕೆ ಮೊದಲು ಮದ್ಯ ಸಿಕ್ಕಿತ್ತೆಂದು ಪೊಲೀಸರು ಹೇಳಿದ ಜಾಗಗಳಿಗೆ ಅಬಕಾರಿ ಇಲಾಖೆ ಬೀಗ ಹಾಕಿತು. ಇದನ್ನು ಮರೆತ ಹೋಟೆಲ್ ಮಾಲೀಕರಿಲ್ಲ. ಆದ್ದರಿಂದ ಅವರನ್ನು ಕರೆಯಿರಿ, ಕೌಂಟರ್ ಸಿಬ್ಬಂದಿ ತರಬೇತಿಯ ಹೊಣೆ ಕೊಡಿ. ಆದರೆ ದೂರು ನೋಡುವ ಉಪಸಮಿತಿಯಲ್ಲಿ ಮದ್ಯದ ಲೈಸೆನ್ಸ್ ಇರುವವರು ಇರಬಾರದು ಎಂದು ಮೊದಲ ಸಭೆಯಲ್ಲೇ ಠರಾವು ಬರೆದಿಡಿ. ಆಮೇಲೆ ಬರೆಯಹೊರಟರೆ ಅದು ಯಾರದೋ ಮೇಲಿನ ಅಪನಂಬಿಕೆಯಂತೆ ಕಾಣುತ್ತದೆ.

ಕೆಲಸದ ಚೀಟಿ

ಒಕ್ಕೂಟ ನಿಲ್ಲುವುದೂ ಬೀಳುವುದೂ ಇಲ್ಲಿ. “ನೀವೂ ನಮ್ಮೊಂದಿಗೆ ಕೈಜೋಡಿಸಿ” ಎಂದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. ಪ್ರತಿಯೊಬ್ಬರಿಗೂ ಒಂದು ಪೋಸ್ಟ್‌ಕಾರ್ಡ್ ಅಳತೆಯ ಚೀಟಿ ಬರೆದುಕೊಡಿ. ಮಾದರಿಗೆ ಒಂದು:

ಕೆಲಸ: ಎರಡು ಸಭಾಗೃಹಗಳ ಮ್ಯಾನೇಜರನ್ನು ತಿಂಗಳಿಗೊಮ್ಮೆ ಭೇಟಿಯಾಗಿ, ಬರುವ ತಿಂಗಳ ಮದರಂಗಿ-ರಿಸೆಪ್ಷನ್ ಬುಕಿಂಗ್ ಕೇಳಿಕೊಂಡು, ಆ ಮನೆಯವರಿಗೆ ನಮ್ಮ ಒಂದು ಪುಟದ ಸೂಚನೆ ತಲುಪಿಸುವುದು.
ಹೊತ್ತು: ತಿಂಗಳಿಗೆ ನಾಲ್ಕು ಗಂಟೆ, ಹೆಚ್ಚಿಲ್ಲ.
ಯಾರನ್ನೂ ಕೇಳದೆ ಮಾಡಬಹುದಾದ್ದು: ಭೇಟಿಯ ದಿನ ಗೊತ್ತುಮಾಡುವುದು, ಸೂಚನೆ ಜೆರಾಕ್ಸ್, 500 ರೂಪಾಯಿವರೆಗಿನ ಖರ್ಚು.
ಕೇಳಿಯೇ ಮಾಡಬೇಕಾದ್ದು: ಪೊಲೀಸ್ ಅಥವಾ ಅಬಕಾರಿಗೆ ದೂರು, ಪತ್ರಿಕೆಯವರೊಂದಿಗೆ ಮಾತು.
ಕೇಳಬೇಕಾದವರು: ಸಂಯೋಜಕರು, ಒಂದು ದಿನದೊಳಗೆ ಅವರಿಂದ ಉತ್ತರ.

ಮೂರನೆಯ ಸಾಲನ್ನು ಬರೆಯಲು ಪದಾಧಿಕಾರಿಗಳಿಗೆ ಕೈ ಬರುವುದಿಲ್ಲ. ಹತ್ತು ಜೆರಾಕ್ಸಿಗೂ ಕೋಶಾಧಿಕಾರಿಯ ಸಹಿ ಬೇಕಾದ ಸಂಘದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಮ್ಯಾನೇಜರ್ ಎಷ್ಟು ದಿನ ಸ್ವಯಂಸೇವಕರಾಗಿ ಇದ್ದಾರು? ಹಣ ಮುಂಗಡ ಕೊಡಿ, ತಿಂಗಳ ಕೊನೆಗೆ ಬಿಲ್ ತೆಗೆದುಕೊಳ್ಳಿ.

ಸಂಬಳದ ಸಂಯೋಜಕರು ಇದ್ದರೆ ಒಬ್ಬರಿಗೆ ಹನ್ನೆರಡರಿಂದ ಹದಿನೈದು ಸ್ವಯಂಸೇವಕರು, ಅದಕ್ಕಿಂತ ಹೆಚ್ಚು ಬೇಡ. ಅವರ ಕೆಲಸ ಫೋನ್ ಎತ್ತುವುದು, ಚೀಟಿ ಬರೆಯುವುದು, ದಾಖಲೆ ಇಡುವುದು, ಅಡ್ಡಿ ಬಂದಲ್ಲಿ ಹೋಗಿ ಬಿಡಿಸುವುದು. ಸಂಬಳ ಕೊಡುತ್ತೇವಲ್ಲ ಎಂದು ಎಲ್ಲವನ್ನೂ ಅವರ ಹೆಗಲಿಗೆ ಹಾಕಿದರೆ ಸ್ವಯಂಸೇವಕರು ಪ್ರೇಕ್ಷಕರಾಗುತ್ತಾರೆ, ಸಂಯೋಜಕರು ವರ್ಷದೊಳಗೆ ಕೆಲಸ ಬಿಡುತ್ತಾರೆ. ಈ ಕೆಲಸ ನಡೆಯುವುದೇ ಸಂಜೆ ಮತ್ತು ಶನಿವಾರ. ಅದಕ್ಕೆ ತಕ್ಕ ಬದಲಿ ರಜೆ ನೇಮಕಾತಿ ಪತ್ರದಲ್ಲೇ ಇರಲಿ.

ಊರಿನ ಭೂಗೋಳವನ್ನೂ ನೋಡಿಕೊಳ್ಳಿ. ಬೊರಿವಲಿಯವರಿಗೆ ಕುರ್ಲಾದಲ್ಲಿ ಕೆಲಸ ಕೊಟ್ಟರೆ ನಾಲ್ಕು ಗಂಟೆಯಲ್ಲಿ ಮೂರು ಲೋಕಲಿನಲ್ಲೇ ಹೋಯಿತು. ವೆಸ್ಟರ್ನ್, ಸೆಂಟ್ರಲ್, ಹಾರ್ಬರ್ ಎಂದು ಲೈನಿನ ಪ್ರಕಾರ ಗುಂಪು ಮಾಡಿ. ಭಾನುವಾರ ಹತ್ತೂವರೆಗೆ ಸಭೆ ಎನ್ನುವ ಹಳೆಯ ಅಭ್ಯಾಸ, ಹಳಿ ದುರಸ್ತಿಗೆ ಲೋಕಲ್ ನಿಲ್ಲಿಸುವ ಮೆಗಾಬ್ಲಾಕಿಗೆ ಬಲಿಯಾಗುತ್ತದೆ. ಸ್ಟೇಷನ್ನಿಂದ ನಡೆದು ಹೋಗುವಷ್ಟು ದೂರದಲ್ಲಿ, ಶನಿವಾರ ಸಂಜೆ, ಒಂದು ಗಂಟೆಯಲ್ಲಿ ಮುಗಿಸಿ.

ಮೂರು ತರಬೇತಿ, ಎರಡೆರಡು ಗಂಟೆ

ಮೊದಲನೆಯದು ಕಾನೂನು ಮತ್ತು ಅಳತೆ. 42.8 ಶೇಕಡಾ ಇರುವ ವಿಸ್ಕಿಯ 30 ಎಂಎಲ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೊಹಾಲ್. 180 ಎಂಎಲ್ ಕ್ವಾರ್ಟರಿನಲ್ಲಿ 60 ಗ್ರಾಂ. ಹಾಗಾದರೆ 8 ಶೇಕಡಾದ ಸ್ಟ್ರಾಂಗ್ ಬಿಯರ್, 650 ಎಂಎಲ್ ಬಾಟಲಿ? ಸುಮಾರು 41 ಗ್ರಾಂ, ಅಂದರೆ ನಾಲ್ಕು ಸಣ್ಣ ಪೆಗ್. “ಬಿಯರ್ ತಾನೇ, ಏನಾಗ್ತದೆ?” ಎನ್ನುವ ತಂದೆಯಂದಿರಿಗೆ ಉಪದೇಶಕ್ಕಿಂತ ಈ ಲೆಕ್ಕ ನಾಟುತ್ತದೆ.

ಎರಡನೆಯದು ಮಾತಿನ ಅಭ್ಯಾಸ. ಇಬ್ಬರು ಎದುರುಬದುರು ನಿಂತು ಆಡಿ ನೋಡಬೇಕು, ಓದಿ ಬರುವುದಲ್ಲ.

“ಶೆಟ್ರೇ, ನಿಮ್ಮ ಕೌಂಟರಲ್ಲಿ ವಯಸ್ಸು ಕೇಳುವವರು ಯಾರು?”
“ಯಾರೂಂತ ಇಲ್ಲ ಮಾರಾಯ್ರೇ, ರಶ್ ಇರ್ತದೆ.”
“ರಶ್ಶಲ್ಲಿ ಕ್ಯಾಷಿನವರು ಪರ್ಮಿಟ್ ಹರೀತಾರಲ್ಲ, ಅವರೇ ಕೇಳಿದ್ರೆ?”
“ಕೇಳಿದ್ರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ.”
“ಪಕ್ಕದವರೂ ಕೇಳೋ ಹಾಗೆ ನಾವು ಮಾಡ್ತೇವೆ. ಮುಂದಿನ ವಾರ ಇಬ್ಬರನ್ನೂ ಒಟ್ಟಿಗೆ ಕೂರಿಸೋಣ.”

ಗಿರಾಕಿ ತಪ್ಪುವ ಅಂಜಿಕೆ ನಿಜವಾದದ್ದು. ಒಂದೇ ಅಂಗಡಿಯ ಬೆನ್ನು ಹತ್ತಬೇಡಿ. ಒಂದು ಬೀದಿಯವರೆಲ್ಲ ಒಂದೇ ದಿನದಿಂದ ಶುರುಮಾಡಬೇಕು. ಮನೆಯವರೊಂದಿಗಿನ ಮಾತು ಇನ್ನೂ ನಾಜೂಕು. ಹತ್ತು ಜನರ ಎದುರು ಹಿರಿಯರನ್ನು ತಡೆದರೆ ಜಗಳ ಖಚಿತ. ಸಮಾರಂಭಕ್ಕೆ ಎರಡು ವಾರ ಮೊದಲೇ, ಮನೆಗೆ ಹೋಗಿ, ಮದುಮಗಳ ತಾಯಿಯ ಹತ್ತಿರ “ಅಕ್ಕಾ, ಆ ದಿನ ಮಕ್ಕಳ ಟೇಬಲ್ ಎಲ್ಲಿಡ್ತೀರಿ?” ಎಂದು ಶುರುಮಾಡಿ.

ಮೂರನೆಯದು ಪ್ರಾಣಾಪಾಯ. ಕುಡಿದ ಮಗು ಎಬ್ಬಿಸಿದರೂ ಏಳುತ್ತಿಲ್ಲ, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು, ಎರಡು ಉಸಿರಿನ ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ಅಂತರ, ಮೈ ತಣ್ಣಗೆ, ತುಟಿ ನೀಲಿ. ಇವುಗಳಲ್ಲಿ ಒಂದಿದ್ದರೂ 108ಕ್ಕೆ ಫೋನ್ ಮಾಡಿ. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, ವಾಂತಿಯಾದರೆ ಗಂಟಲಿಗೆ ಸಿಕ್ಕಿಕೊಳ್ಳದಿರಲಿ. ಒಬ್ಬನೇ ಬಿಟ್ಟು ಹೋಗಬೇಡಿ. ಉಪ್ಪುನೀರು, ಮಜ್ಜಿಗೆ, ಕಾಫಿ, ತಣ್ಣೀರ ಸ್ನಾನ ಯಾವುದೂ ಬೇಡ. “ಮಲಗಲಿ, ಬೆಳಿಗ್ಗೆ ಸರಿಯಾಗ್ತಾನೆ” ಎಂಬ ಮಾತೇ ಅತಿ ಅಪಾಯದ್ದು, ಕುಡಿದದ್ದು ಮಲಗಿದ ಮೇಲೂ ರಕ್ತಕ್ಕೆ ಸೇರುತ್ತಲೇ ಇರುತ್ತದೆ.

ಮಕ್ಕಳ ಜೊತೆ ಕೆಲಸ ಮಾಡುವವರು ಯಾವಾಗಲೂ ಇಬ್ಬರಿರಬೇಕು, ಬಾಗಿಲು ತೆರೆದಿರಬೇಕು. ಮಾತಿನ ನಡುವೆ ಮಗು ಲೈಂಗಿಕ ದೌರ್ಜನ್ಯದ ವಿಷಯ ಹೇಳಿದರೆ ಅದನ್ನು ಗುಟ್ಟಾಗಿಡುವಂತಿಲ್ಲ. ಪೋಕ್ಸೊ ಕಾಯಿದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು.

ಮೊದಲ ಮೂರು ತಿಂಗಳು ಒಂದೇ ಕೆಲಸ

ಅಮೆರಿಕದ ಒಕ್ಕೂಟಗಳು ಉಪಾಯಗಳನ್ನು ಏಳು ಬಗೆ ಮಾಡುತ್ತವೆ: ಮಾಹಿತಿ, ಕೌಶಲ, ಆಸರೆ, ಮದ್ಯ ಸಿಗುವ ದಾರಿಯನ್ನು ಬಿಗಿ ಮಾಡುವುದು, ಪರಿಣಾಮಗಳನ್ನು ಬದಲಿಸುವುದು, ಜಾಗದ ವಿನ್ಯಾಸ, ನಿಯಮ. ನಮ್ಮವರು ಮೊದಲನೆಯದರಲ್ಲೇ ನಿಂತಿದ್ದಾರೆ. ಕೊನೆಯ ನಾಲ್ಕರಲ್ಲಿ ಒಂದನ್ನು ಹಿಡಿಯಿರಿ.

ಮದರಂಗಿ ರಾತ್ರಿಯನ್ನೇ ತೆಗೆದುಕೊಳ್ಳಿ. ಮಕ್ಕಳ ಕೈಗೆ ಮದ್ಯ ಹೋಗುವುದು ಬಹಳ ಸಲ ಗ್ಲಾಸಿನಿಂದಾಗಿ. ಒಂದೇ ಬಗೆಯ ಪ್ಲಾಸ್ಟಿಕ್ ಗ್ಲಾಸು, ಒಂದೇ ಬಣ್ಣದ ಕೋಲಾ. ಯಾವುದರಲ್ಲಿ ರಮ್ ಇದೆ ಎಂದು ದೂರದಿಂದ ಯಾರಿಗೂ ಗೊತ್ತಾಗುವುದಿಲ್ಲ, ಅರ್ಧ ಕುಡಿದು ಇಟ್ಟದ್ದು ಮೇಜಿನ ಮೇಲೆಯೇ ಇರುತ್ತದೆ. ಮಕ್ಕಳ ಪಾನೀಯಕ್ಕೆ ಬಣ್ಣದ ಕಾಗದದ ಲೋಟ, ದೊಡ್ಡವರದಕ್ಕೆ ಗಾಜಿನದು. ಮದ್ಯದ ಮೇಜು ಬೇರೆ ಕೋಣೆಯಲ್ಲಿ ಅಥವಾ ಊಟದ ಸಾಲಿನಿಂದ ದೂರದ ಮೂಲೆಯಲ್ಲಿ. ಬಾಟಲಿ ತಾವೇ ಬಗ್ಗಿಸಿಕೊಳ್ಳುವ ಪದ್ಧತಿ ಬೇಡ, ಹಾಕಿಕೊಡಲು ಒಬ್ಬ ಕುಡಿಯದ ಹಿರಿಯ. ಖಾಲಿ-ಅರ್ಧ ಗ್ಲಾಸು ಎತ್ತಲು ಕೇಟರಿಂಗಿನ ಒಬ್ಬ. ಎಲ್ಲ ಸೇರಿ ಮನೆಯವರಿಗೆ ಕೆಲವು ನೂರು ರೂಪಾಯಿ ಹೆಚ್ಚು ಖರ್ಚು. ಮ್ಯಾನೇಜರ್ ಇದನ್ನು ಸಭಾಗೃಹದ ಬುಕಿಂಗ್ ಫಾರಂನಲ್ಲೇ ಸೇರಿಸಿದರೆ ನಿಮ್ಮ ಕೆಲಸ ಅಲ್ಲಿ ಮುಗಿಯಿತು.

ಉತ್ಸಾಹಿಗಳು ಕೆಲವರು ನೇರ ಅಂಗಡಿ ಮುಚ್ಚಿಸುವ ಮಾತಿಗೇ ಹೋಗುತ್ತಾರೆ. ರಾಜ್ಯದಲ್ಲಿ ಅದಕ್ಕೆ ದಾರಿ ಇದೆ, ಮರಾಠಿಯಲ್ಲಿ ನಿಂತ ಬಾಟಲಿ-ಅಡ್ಡ ಬಾಟಲಿ ಎಂದು ಕರೆಯುವ ಮತದಾನ. ವಾರ್ಡಿನ ಮಹಿಳಾ ಮತದಾರರಲ್ಲಿ 25 ಶೇಕಡಾ ಜನ ಅರ್ಜಿ ಕೊಡಬೇಕು, ಆಮೇಲೆ ಮತದಾನದಲ್ಲಿ ಅಡ್ಡ ಬಾಟಲಿಗೆ, ಅಂದರೆ ಅಂಗಡಿ ಮುಚ್ಚುವುದಕ್ಕೆ, ದೊಡ್ಡ ಬಹುಮತ ಬರಬೇಕು. ಬಂದು ಮತ ಹಾಕಿದವರಲ್ಲಿ ಅರ್ಧ ಎಂದರೆ ಸಾಲದು. ಹೊಸ ಒಕ್ಕೂಟ ಮೊದಲ ವರ್ಷ ಇದಕ್ಕೆ ಕೈ ಹಾಕಿ ಸೋತರೆ ಮತ್ತೆ ತಲೆ ಎತ್ತುವುದು ಕಷ್ಟ.

ಎಣಿಸುವುದು ಏನನ್ನು

“ನಮ್ಮ ಮಕ್ಕಳು ಎಷ್ಟು ಜನ ಕುಡಿಯುತ್ತಾರೆ, ಸರ್ವೆ ಮಾಡೋಣ” ಎನ್ನುವವರಿಗೆ ಒಂದು ಲೆಕ್ಕ. 2019ರಲ್ಲಿ ಹೊರಬಂದ ಕೇಂದ್ರ ಸರ್ಕಾರದ ಸಮೀಕ್ಷೆ ಪ್ರಕಾರ 10ರಿಂದ 17ರ ವಯಸ್ಸಿನವರಲ್ಲಿ ಮದ್ಯ ಬಳಸುವವರು 1.3 ಶೇಕಡಾ. ಇನ್ನೂರು ಮಕ್ಕಳ ಶಾಲೆಯಲ್ಲಿ ಅದು ಎರಡೋ ಮೂರೋ. ಈ ವರ್ಷ ಐದು, ಮುಂದಿನ ವರ್ಷ ಎರಡು ಬಂದರೆ ಅದು ನಿಮ್ಮ ಕೆಲಸದ ಫಲವೋ ಆಕಸ್ಮಿಕವೋ ಹೇಳಲು ಬಾರದು. ಮೇಲಾಗಿ ಉತ್ತರ ಬರೆದ ಮಗುವಿನ ಕೈಬರಹ ಮೇಷ್ಟ್ರಿಗೆ ಗೊತ್ತಿರುತ್ತದೆ.

ದೊಡ್ಡವರ ನಡವಳಿಕೆ ಎಣಿಸಿ. ಅಂಗಡಿಯ ಹೊರಗೆ ಶನಿವಾರ ಅರ್ಧ ಗಂಟೆ ನಿಂತು, ಚಿಕ್ಕ ವಯಸ್ಸಿನವರಂತೆ ಕಂಡ ಎಷ್ಟು ಗಿರಾಕಿಗಳಲ್ಲಿ ಎಷ್ಟು ಜನರ ಗುರುತಿನ ಚೀಟಿ ಕೇಳಿದರು? ಈ ತಿಂಗಳ ಎಷ್ಟು ಸಮಾರಂಭಗಳಲ್ಲಿ ಮೇಜು ಬೇರೆಯಾಗಿತ್ತು? ಎಷ್ಟು ಚೀಟಿಯ ಕೆಲಸ ನಡೆಯಿತು? ಮೂರೇ ಅಂಕಿ, ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಎಲ್ಲ ಸ್ವಯಂಸೇವಕರ ಫೋನಿಗೆ. ತಾನು ಮಾಡಿದ್ದು ಎಲ್ಲಿ ಸೇರಿತು ಎಂದು ಕಾಣದಿದ್ದರೆ ನಾಲ್ಕನೇ ತಿಂಗಳು ಯಾರೂ ಬರುವುದಿಲ್ಲ. ಐಸ್ಲೆಂಡಿನಲ್ಲಿ 1998ರಲ್ಲಿ 15-16ರ ಹರೆಯದವರಲ್ಲಿ ಹಿಂದಿನ ತಿಂಗಳು ಅಮಲೇರುವಷ್ಟು ಕುಡಿದವರು 42 ಶೇಕಡಾ ಇದ್ದದ್ದು 2016ಕ್ಕೆ 5ಕ್ಕೆ ಇಳಿಯಿತು. ಅಲ್ಲಿಗೆ ಹದಿನೆಂಟು ವರ್ಷ ಹಿಡಿಯಿತು ಎಂಬುದನ್ನೂ ಆತುರದ ಪದಾಧಿಕಾರಿಗಳಿಗೆ ಓದಿ ಹೇಳಿ.

ದೂರು, ಬೆದರಿಕೆ, ಆಮೇಲೆ

ದೂರು ಯಾವತ್ತೂ ಸಂಘದ ಲೆಟರ್‌ಹೆಡ್ಡಿನಲ್ಲಿ, ಅಧ್ಯಕ್ಷರ ಸಹಿಯೊಂದಿಗೆ, ಅಬಕಾರಿ ಕಚೇರಿಗೆ ಮತ್ತು ಠಾಣೆಗೆ ಎರಡಕ್ಕೂ. ತಲುಪಿದ್ದಕ್ಕೆ ಗುರುತಾಗಿ ಪ್ರತಿಯ ಮೇಲೆ ಇನ್‌ವರ್ಡ್ ಮುದ್ರೆ ಹಾಕಿಸಿಕೊಳ್ಳಿ. ನೋಡಿ ಬಂದ ಸ್ವಯಂಸೇವಕರ ಹೆಸರು ಅದರಲ್ಲಿ ಬೇಡ. ಅವರು ಅದೇ ಬೀದಿಯಲ್ಲಿ ಹಾಲು ತರಬೇಕು. ಕಣ್ಣೆದುರೇ ಅಪಾಯ ಕಂಡರೆ 112, ಮಗುವಿಗೆ ನೆರವು ಬೇಕಾದರೆ 1098.

ಈಗಾಗಲೇ ಕುಡಿಯುವ ಹುಡುಗನನ್ನು ಸರಿಮಾಡುವುದು ಸ್ವಯಂಸೇವಕರ ಕೆಲಸವಲ್ಲ. ವ್ಯಸನಮುಕ್ತಿಗೆ ಕೇಂದ್ರದ ಸಹಾಯವಾಣಿ 14446, ಮನಸ್ಸಿನ ತೊಳಲಾಟಕ್ಕೆ ಟೆಲಿ ಮಾನಸ್ 14416. ಕೆಇಎಂ, ನಾಯರ್, ಸಯನ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇದೆ. ಮನೆಯವರು ಒಪ್ಪಿದರೆ ಮೊದಲ ಸಲ ಜೊತೆಗೆ ಹೋಗಿ ಬನ್ನಿ, ಆಸ್ಪತ್ರೆಯ ನೋಂದಣಿ ಚೀಟಿ (ಕೇಸ್ ಪೇಪರ್) ಮಾಡಿಸಿಕೊಡಿ, ಅಷ್ಟು ಸಾಕು.

ಸ್ವಯಂಸೇವಕರು ಬಿಟ್ಟುಹೋಗುತ್ತಾರೆ; ವರ್ಗಾವಣೆ, ಮಗಳ ಬಾಣಂತನ, ಊರಿನ ಮನೆ ಕಟ್ಟುವುದು, ಏನೋ ಒಂದು. ಹೋಗುವ ಮುನ್ನ ನೋಟ್‌ಬುಕ್, ಮ್ಯಾನೇಜರುಗಳ ಫೋನ್ ನಂಬರ್, ಉಳಿದ ಮುಂಗಡ ಹಣ ಒಪ್ಪಿಸಲಿ, ಹೊಸಬರನ್ನು ಒಂದು ಸಲ ಜೊತೆಗೆ ಕರೆದೊಯ್ದು “ಇನ್ನು ಮೇಲೆ ಇವರು ಬರ್ತಾರೆ” ಎಂದು ಪರಿಚಯಿಸಲಿ. ಬಿಡುವ ವಿಷಯ ಒಂದು ತಿಂಗಳು ಮೊದಲೇ ಹೇಳಬೇಕು ಎಂಬ ಸಾಲನ್ನು ಕೆಲಸದ ಚೀಟಿಯ ಹಿಂಬದಿಯಲ್ಲಿ ಅಚ್ಚು ಹಾಕಿಸಿಡಿ.